ದಂಪತಿಗಳಲ್ಲಿ ಒಬ್ಬರು ಹಾಸಿಗೆ ಹಿಡಿದಾಗ: ತೋಟ, ಠೇವಣಿ ಮತ್ತು ಸಹಿಯ ಮುನ್ನೇರ್ಪಾಡು



ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಮಳೆ ಹಿಡಿಯುವ ಮುಂಚೆಯೇ ಹೊಡೆಯಬೇಕೆಂಬುದನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಯಜಮಾನನಿಗೆ ಪಾರ್ಶ್ವವಾಯು ಬಡಿದರೆ, ಅಥವಾ ಯಜಮಾನಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ವರ್ಷಗಟ್ಟಲೆ ಮಲಗಿದರೆ, ಆಗ ಹಣ ಎಲ್ಲಿಂದ ಬರಬೇಕು, ಬ್ಯಾಂಕಿನಲ್ಲಿ ಸಹಿ ಯಾರು ಹಾಕಬೇಕು, ಉಳಿದವರ ಹೊಟ್ಟೆಪಾಡು ಏನು ಎಂಬ ವಿಚಾರವನ್ನು ಮಾತ್ರ ಮಳೆ ಬಂದ ಮೇಲೆಯೇ ಯೋಚಿಸುವವರು ನಮ್ಮಲ್ಲಿ ಹೆಚ್ಚು. ಈ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಲು ಒಂದು ಕಾರಣವಿದೆ.

ಭಾರತೀನಗರದ ಕಡೆಯ ಬೆಳೆಗಾರರಲ್ಲಿ (ಹಿರಿಯರು ಇಂದಿಗೂ ಕೆ.ಎಂ. ದೊಡ್ಡಿ ಎಂದೇ ಕರೆಯುತ್ತಾರೆ) ಈಚೆಗೆ ಒಂದು ಮಾತು ಹಬ್ಬಿದೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುತ್ತಿದ್ದ ಈ ಭಾಗದಲ್ಲಿ ತೆಂಗಿನ ನಡುವೆ ಅಡಿಕೆ ಇಟ್ಟವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ‘ತೋಟವನ್ನೆಲ್ಲ ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಟ್ಟರೆ ನಮ್ಮ ಹೆಸರಿನಲ್ಲಿ ಏನೂ ಇಲ್ಲದಂತಾಗುತ್ತದೆ, ಆಗ ಮುದಿತನದ ಆರೈಕೆಗೆ ಸರ್ಕಾರದ ಸೌಲಭ್ಯ ಸಿಗುತ್ತದಂತೆ, ಹೌದೇ?’ ಎಂಬುದೇ ಆ ಮಾತು. ಮಲೆನಾಡಿನ ಕಾಫಿ ಬೆಳೆಗಾರರಲ್ಲೂ ಇದೇ ಪ್ರಶ್ನೆ ಕೇಳಿಬರುತ್ತಿದೆ.

ಇದಕ್ಕೆ ನಮ್ಮ ಉತ್ತರ, ಇಲ್ಲ. ಹಾಗೆ ಮಾಡಬೇಡಿ. ಏಕೆಂಬುದನ್ನು ಮುಂದೆ ಬಿಡಿಸಿ ಹೇಳುತ್ತೇವೆ.

ಈ ಮಾತಿನ ಬೇರು ಅರ್ಧ ಅಮೆರಿಕದಲ್ಲಿದೆ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಅಲ್ಲಿನ ಪದ್ಧತಿಯನ್ನು ಕಂಡು ಫೋನಿನಲ್ಲಿ ಹೇಳುತ್ತಾರೆ. ಅಲ್ಲಿ ಮೆಡಿಕೈಡ್ ಎಂಬ ಸರ್ಕಾರಿ ಯೋಜನೆಯೊಂದಿದ್ದು, ಆಸ್ತಿ ಅತ್ಯಲ್ಪವಾಗಿ ಉಳಿದವರಿಗೆ ಶುಶ್ರೂಷಾಲಯದಲ್ಲಿ ದೀರ್ಘಕಾಲ ಇರುವ ವೆಚ್ಚವನ್ನು ಅದು ಕೊಡುತ್ತದೆ. ಅನೇಕ ರಾಜ್ಯಗಳಲ್ಲಿ ಒಬ್ಬ ರೋಗಿಯ ಹೆಸರಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ ಎರಡು ಸಾವಿರ ಡಾಲರಿನೊಳಗಿರಬೇಕು. ಆದುದರಿಂದ ಅಲ್ಲಿ ವಕೀಲರನ್ನಿಟ್ಟುಕೊಂಡು ಮುಂಚಿತವಾಗಿ ಆಸ್ತಿಯನ್ನು ಹಂಚುವ ವ್ಯವಹಾರ ಬೆಳೆದಿದೆ. ಆದರೆ ಅಲ್ಲಿಯೂ ಅದು ಸುಲಭವಲ್ಲ. ಅರ್ಜಿ ಹಾಕುವ ಮುಂಚಿನ ಅರವತ್ತು ತಿಂಗಳೊಳಗೆ ಯಾರಿಗಾದರೂ ಆಸ್ತಿಯನ್ನು ಪುಕ್ಕಟೆ ಬರೆದುಕೊಟ್ಟಿದ್ದರೆ ಅದನ್ನು ಕೆದಕಿ, ಕೊಟ್ಟ ಆಸ್ತಿಯ ಬೆಲೆಗೆ ತಕ್ಕಷ್ಟು ಕಾಲ ಸೌಲಭ್ಯ ತಡೆಯುತ್ತಾರೆ. ಗಂಡನ ಶುಶ್ರೂಷೆಗೆ ಎಲ್ಲವನ್ನೂ ಕಳೆದುಕೊಂಡು ಹೆಂಡತಿ ಬೀದಿಗೆ ಬೀಳುತ್ತಿದ್ದ ಪರಿಸ್ಥಿತಿಯನ್ನು ಕಂಡು, 1988ರಲ್ಲಿ ಅಲ್ಲಿ ಒಂದು ಕಾನೂನು ಮಾಡಿ, ಮನೆಯಲ್ಲಿ ಉಳಿಯುವ ಸಂಗಾತಿಗೆಂದು ಆಸ್ತಿಯ ಒಂದು ಪಾಲನ್ನು ಪ್ರತ್ಯೇಕವಾಗಿ ಕಾಯ್ದಿಡುವ ಏರ್ಪಾಡು ಮಾಡಿದರು.

ನಾವು ಅಲ್ಲಿಂದ ಕಲಿಯಬೇಕಾದುದು ಈ ಕಡೆಯ ಮಾತೊಂದನ್ನು ಮಾತ್ರ, ಅಂದರೆ ಮನೆಯಲ್ಲಿ ಉಳಿಯುವ ಸಂಗಾತಿಯ ಪಾಲನ್ನು ಮೊದಲು ಕಾಯ್ದಿಡುವುದನ್ನು. ಉಳಿದುದು ನಮಗೆ ಸಲ್ಲದು. ಏಕೆಂದರೆ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ವೆಚ್ಚವನ್ನು ತೋಟವಿರುವ ಕುಟುಂಬಕ್ಕಾಗಲಿ, ತೋಟ ಬರೆದುಕೊಟ್ಟು ಬರಿಗೈಯಾದ ಕುಟುಂಬಕ್ಕಾಗಲಿ ಕೊಡುವ ಮೆಡಿಕೈಡಿನಂಥ ಯೋಜನೆ ನಮ್ಮಲ್ಲಿ ಇಲ್ಲ. ಇಲ್ಲದ ಊಟಕ್ಕೆ ಎಲೆ ಹಾಕಿಕೊಂಡು ಕುಳಿತಂತೆ ಆಗುತ್ತದೆ.

ಹಾಗಾದರೆ ಇಲ್ಲಿ ಸಿಗುವುದೇನು? ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ಯೋಜನೆಗಳಿವೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2022-23ರಲ್ಲಿ ಮತ್ತೆ ಬಂದಿದೆ. ಗೊತ್ತುಪಡಿಸಿದ ಚಿಕಿತ್ಸೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಅನುಕೂಲವಿದೆ. ಎಪ್ಪತ್ತು ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸುವುದಾಗಿ ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಪ್ರಾರಂಭೋತ್ಸವ ಮಾಡಿತು. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಐದು ಲಕ್ಷ ಇಬ್ಬರಿಗೂ ಸೇರಿ, ತಲಾ ಅಲ್ಲ. ದಾಖಲಾಗುವ ಮುಂಚೆ ಆ ಆಸ್ಪತ್ರೆಯಲ್ಲಿ ಯಾವ ಯೋಜನೆ ನಡೆಯುತ್ತದೆಂದು ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿಯೇ ಮುಂದುವರಿಯಬೇಕು. ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲ ಕಡೆಯೂ ನಡೆಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇವೆರಡಕ್ಕೂ ನಿಮ್ಮ ಹೆಸರಿನಲ್ಲಿ ತೋಟವಿರುವುದು ಅಡ್ಡಿಯಲ್ಲ. ಆದುದರಿಂದ ಇವುಗಳ ಸಲುವಾಗಿ ತೋಟ ಬಿಟ್ಟುಕೊಡಬೇಕಾದ ಪ್ರಮೇಯವೇ ಬರುವುದಿಲ್ಲ. ಆಸ್ತಿ, ಆದಾಯ ನೋಡಿ ಕೊಡುವ ಸೌಲಭ್ಯಗಳು ಬೇರೆ ಇವೆ. ಸಂಧ್ಯಾ ಸುರಕ್ಷಾ ಪಿಂಚಣಿ ಅವುಗಳಲ್ಲೊಂದು. 2007ರಲ್ಲಿ ಅದು ಪ್ರಾರಂಭವಾದಾಗ ಅರವತ್ತೈದು ತುಂಬಿದ, ಗಂಡ ಹೆಂಡತಿಯ ಒಟ್ಟು ವಾರ್ಷಿಕ ಆದಾಯ ಇಪ್ಪತ್ತು ಸಾವಿರ ಮೀರದ, ಬ್ಯಾಂಕಿನಲ್ಲಿ ಇಬ್ಬರದೂ ಸೇರಿ ಹತ್ತು ಸಾವಿರಕ್ಕಿಂತ ಹೆಚ್ಚಿಲ್ಲದವರಿಗೆ ಎಂದು ನಿಬಂಧನೆಯಿತ್ತು. ಆದಾಯದ ಮಿತಿಯನ್ನು ಆಮೇಲೆ ಏರಿಸಿದರು. ಈಗ ಸಿಗುವುದು ತಿಂಗಳಿಗೆ 1,200 ರೂಪಾಯಿ. ನಿಜವಾಗಿಯೂ ಬಡವರಾದ ಹಿರಿಯರಿಗೆ ಇದು ಸಲ್ಲಲೇಬೇಕು, ಅವರ ಬಗ್ಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಎರಡೆಕರೆ ಫಲದ ತೋಟವನ್ನು ಬರೆದುಕೊಟ್ಟು 1,200 ರೂಪಾಯಿಗೆ ಕೈಯೊಡ್ಡುವುದು ಯಾವ ಲೆಕ್ಕಾಚಾರ? ಪಹಣಿಯಿಂದ ಹೆಸರು ಹೋದರೆ ಸಂಘದ ಬಡ್ಡಿರಹಿತ ಬೆಳೆ ಸಾಲವೂ ಹೋಗುತ್ತದೆ, ವರ್ಷಕ್ಕೆ ಆರು ಸಾವಿರದ ಪಿ.ಎಂ. ಕಿಸಾನ್ ಹಣವೂ ಹೋಗುತ್ತದೆ. ಈ ಕಿಸಾನ್ ಹಣಕ್ಕೆ 2019ರ ಫೆಬ್ರವರಿ 1ರಂದು ಭೂಮಿ ಯಾರ ಹೆಸರಿನಲ್ಲಿತ್ತೆಂಬುದೇ ಆಧಾರವಾಗಿರುವುದರಿಂದ, ಆಮೇಲೆ ದಾನವಾಗಿ ಪಡೆದ ಮಗನಿಗೂ ಅದು ಸಿಗುವುದಿಲ್ಲ. ತಂದೆ ತೀರಿಕೊಂಡು ವಾರಸುದಾರಿಕೆಯಿಂದ ಬಂದರೆ ಮಾತ್ರ ಸಿಗುತ್ತದೆ.

ಯಾವ ಯೋಜನೆಯೂ ತುಂಬಿಕೊಡದ ವೆಚ್ಚ ಮನೆಯ ಹಾಸಿಗೆಯದು. ರೋಗಿಯನ್ನು ಮಗ್ಗುಲು ಬದಲಾಯಿಸಿ ಮಲಗಿಸುವ ಆಳು, ಹುಣ್ಣಾಗದಂತೆ ಗಾಳಿಹಾಸಿಗೆ, ಮೂಗಿನ ನಳಿಕೆ, ಮೂತ್ರದ ಚೀಲ, ಡಯಾಪರು, ಕೈಕಾಲು ಆಡಿಸಿಸುವ ಫಿಸಿಯೋಥೆರಪಿಯವರು, ತಿಂಗಳಿಗೊಮ್ಮೆ ಮಂಡ್ಯದ ಮಿಮ್ಸಿಗೋ ಮೈಸೂರಿಗೋ ಹೋಗಿಬರುವ ಬಾಡಿಗೆ ಕಾರು. ಆಸ್ಪತ್ರೆಯ ಬಿಲ್ಲು ಒಂದು ಸಲ ಬಂದು ಹೋಗುತ್ತದೆ, ಇದು ತಿಂಗಳು ತಿಂಗಳೂ ಬರುತ್ತದೆ. ಕ್ಯಾನ್ಸರಿನ ಕೊನೆಯ ಹಂತದವರಿಗೆ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಉಚಿತವಾಗಿ ಆರೈಕೆ ಮಾಡುತ್ತವೆ. ಆದರೆ ಪಾರ್ಶ್ವವಾಯುವಿನಿಂದಲೋ ಮರೆವಿನ ಕಾಯಿಲೆಯಿಂದಲೋ ಹತ್ತು ವರ್ಷ ನರಳುವವರ ಭಾರವನ್ನು ಮನೆಯವರೇ ಹೊರಬೇಕು.

ಒಂದು ಕುಟುಂಬವನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ಅಂಕಿಗಳು ನಮ್ಮ ಕಲ್ಪನೆಯವು, ನಿಮ್ಮ ಮನೆಯ ಅಂಕಿಗಳನ್ನು ನೀವು ತುಂಬಿಕೊಳ್ಳಿ. ಭಾರತೀನಗರದ ಬಳಿ ಎರಡೆಕರೆ ಅಡಿಕೆ, ತೆಂಗು. ಗಂಡನಿಗೆ ಎಪ್ಪತ್ತಮೂರು, ಹೆಂಡತಿಗೆ ಅರವತ್ತೆಂಟು. ಮಗ ಬೆಂಗಳೂರಿನಲ್ಲಿ, ಮಗಳನ್ನು ಮಳವಳ್ಳಿಗೆ ಕೊಟ್ಟಿದೆ. ಬ್ಯಾಂಕಿನಲ್ಲಿ ಹನ್ನೆರಡು ಲಕ್ಷ ಠೇವಣಿ. ಯಜಮಾನರು ಗಟ್ಟಿಯಾಗಿದ್ದಾಗ ತೋಟದಿಂದ ಖರ್ಚು ಕಳೆದು ವರ್ಷಕ್ಕೆ ನಾಲ್ಕು ಲಕ್ಷ ಉಳಿಯುತ್ತಿತ್ತು. ಅವರು ಮಲಗಿದ ಮೇಲೆ ನೀರು ಕಟ್ಟುವವರಿಲ್ಲ, ಕೊನೆ ಕೊಯ್ಲಿಗೆ ನಿಂತು ನೋಡುವವರಿಲ್ಲ. ಫಸಲನ್ನು ಮರದ ಮೇಲೆಯೇ ಕೊಡಬೇಕಾಗುತ್ತದೆ, ಮಲೆನಾಡಿನವರು ಚೇಣಿ ಎನ್ನುವ ಹಾಗೆ. ಆಗ ಎರಡು ಲಕ್ಷ ಅರವತ್ತು ಸಾವಿರ ಬಂತೆನ್ನೋಣ. ಆರೈಕೆಗೆ ತಿಂಗಳಿಗೆ ಮೂವತ್ತು ಸಾವಿರದಂತೆ ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ, ಯಜಮಾನಿಯ ಊಟ, ಔಷಧಿ, ಮನೆ ಖರ್ಚಿಗೆ ಒಂದು ಲಕ್ಷ ಇಪ್ಪತ್ತು ಸಾವಿರ, ಒಟ್ಟು ನಾಲ್ಕು ಲಕ್ಷ ಎಂಬತ್ತು ಸಾವಿರ. ಕೊರತೆ ಎರಡು ಲಕ್ಷ ಇಪ್ಪತ್ತು ಸಾವಿರ. ಠೇವಣಿಗೆ ಶೇಕಡಾ ಏಳರಂತೆ ಬಡ್ಡಿ ಹಿಡಿದು, ಉಳಿದುದನ್ನು ಅಸಲಿನಿಂದ ತೆಗೆಯುತ್ತ ಹೋದರೆ ಹಣ ಸುಮಾರು ಏಳು ವರ್ಷ ಬರುತ್ತದೆ. ಅದೇ ತೋಟವನ್ನು ಮೊದಲೇ ಬರೆದುಕೊಟ್ಟಿದ್ದು, ಫಸಲಿನ ಹಣ ಬರದೆ ಹೋದರೆ? ಅದೇ ಹನ್ನೆರಡು ಲಕ್ಷ ಮೂರನೆಯ ವರ್ಷ ಮುಗಿಯುವ ಮುಂಚೆಯೇ ಬರಿದಾಗುತ್ತದೆ. ಬೆಲೆಯೇರಿಕೆಯನ್ನು ನಾವು ಇನ್ನೂ ಸೇರಿಸಿಲ್ಲ. ಯಜಮಾನಿಗೆ ಆಗ ವಯಸ್ಸು ಎಪ್ಪತ್ತೊಂದು, ಮುಂದೆ ಇನ್ನೂ ಹದಿನೈದು ವರ್ಷ ಬದುಕಬೇಕಾದೀತು.

ಮಗ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುವ ಮಕ್ಕಳು ಬಹಳ ಜನ ಇದ್ದಾರೆ, ನಮ್ಮ ಸದಸ್ಯರ ಮನೆಗಳಲ್ಲೇ ಕಂಡಿದ್ದೇವೆ. ಆದರೆ ಇನ್ನೊಂದು ಮುಖವೂ ಇದೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೊಂದರಲ್ಲಿಯೇ ನೂರೈವತ್ತಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿರುವ ವಿಚಾರ 2025ರ ಮಾರ್ಚಿಯಲ್ಲಿ ಸರ್ಕಾರದ ಮುಂದೆ ಬಂದು, ಅಂಥ ಮಕ್ಕಳಿಗೆ ಮಾಡಿಕೊಟ್ಟ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವರೇ ಹೇಳಬೇಕಾಯಿತು. ಮಗ ಒಳ್ಳೆಯವನೇ ಇದ್ದರೂ ಅವನಿಗೆ ಸಾಲವಾಗಬಹುದು, ಅವನೇ ಮೊದಲು ತೀರಿಕೊಳ್ಳಬಹುದು. ಬರೆದುಕೊಟ್ಟ ತೋಟ ಆಗ ಅವನ ಸಾಲಗಾರರದೋ ಅವನ ವಾರಸುದಾರರದೋ ಆಗುತ್ತದೆ. ಇದನ್ನು ಹೇಳಿದರೆ ಮಕ್ಕಳನ್ನು ಅನುಮಾನಿಸಿದಂತೆ ಎಂದು ಮುನಿಸಿಕೊಳ್ಳುವವರಿದ್ದಾರೆ. ಅನುಮಾನದ ಪ್ರಶ್ನೆಯಲ್ಲ. ಹಸುವಿಗೆ ಗೂಟ ಹಾಕುವುದು ಹಸು ಕೆಟ್ಟದ್ದೆಂದಲ್ಲ.

ಈಗಾಗಲೇ ಬರೆದುಕೊಟ್ಟವರು ಮತ್ತು ಬರೆದುಕೊಡಲೇಬೇಕಾದ ಸಂದರ್ಭದಲ್ಲಿರುವವರು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ತಿಳಿದಿರಬೇಕು. ಅದರ 23ನೆಯ ಕಲಮಿನ ಪ್ರಕಾರ, ಈ ಕಾಯ್ದೆ ಜಾರಿಗೆ ಬಂದ ನಂತರ ಹಿರಿಯರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನವಾಗಿಯೋ ಬೇರೆ ರೀತಿಯಾಗಿಯೋ ಆಸ್ತಿ ಕೊಟ್ಟಿದ್ದು, ಪಡೆದವರು ಅದನ್ನು ನಡೆಸದೆ ಹೋದರೆ, ಆ ವರ್ಗಾವಣೆಯನ್ನು ಮೋಸದಿಂದ ಆದುದೆಂದು ಭಾವಿಸಿ ನ್ಯಾಯಮಂಡಳಿ ರದ್ದು ಮಾಡಬಹುದು. ಇದರಲ್ಲಿ ‘ಷರತ್ತು’ ಎಂಬ ಮಾತೇ ಮುಖ್ಯ. ಷರತ್ತು ಇತ್ತೆಂಬುದನ್ನು ತೋರಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾನೂನಾದುದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ತಾಯಿಯೊಬ್ಬಳು ಮಗನಿಗೆ ಕೊಟ್ಟ ದಾನವನ್ನು ರದ್ದುಪಡಿಸಿತು. ಉದಾರತೆಯನ್ನು ನಂಬಿ ಕೂರುವುದಕ್ಕಿಂತ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಲೇಸು. ನಮ್ಮ ಕಡೆಯ ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಇನ್ನು ಮುಂದೆ ನನಗೆ ಯಾವ ಹಕ್ಕೂ ಇರುವುದಿಲ್ಲ’ ಎಂದಷ್ಟೇ ಪತ್ರಬರಹಗಾರರು ಬರೆದು ಮುಗಿಸುತ್ತಾರೆ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಮೆಯೆಂಬ ಕಾರಣಕ್ಕೆ ಜನ ಅವಸರಪಡುತ್ತಾರೆ. ಆ ಒಂದು ಸಾಲಿನಿಂದ ಏನು ಕಳೆದುಕೊಂಡೆವೆಂಬುದು ಅವರಿಗೆ ತಿಳಿಯುವುದು ಕಾಯಿಲೆ ಬಂದ ಮೇಲೆ.

ಬರೆಸಬೇಕಾದುದು ಹೀಗಿರಲಿ: ಈ ಆಸ್ತಿಯನ್ನು ಪಡೆದವನು ನನಗೂ ನನ್ನ ಪತ್ನಿಗೂ ನಮ್ಮ ಜೀವಿತ ಕಾಲ ಪೂರ್ತಿ ಊಟ, ಬಟ್ಟೆ, ವಸತಿ, ವೈದ್ಯಕೀಯ ಚಿಕಿತ್ಸೆ ಹಾಗೂ ಹಾಸಿಗೆ ಹಿಡಿದಲ್ಲಿ ಶುಶ್ರೂಷೆಯನ್ನು ಒದಗಿಸತಕ್ಕದ್ದು, ನಾವಿಬ್ಬರೂ ಜೀವಂತವಿರುವವರೆಗೆ, ನಮ್ಮಲ್ಲಿ ಒಬ್ಬರು ಉಳಿದರೆ ಅವರು ಜೀವಂತವಿರುವವರೆಗೆ, ಮನೆಯಲ್ಲಿ ವಾಸಿಸುವ ಮತ್ತು ತೋಟದ ಫಸಲನ್ನು ಅನುಭವಿಸುವ ಹಕ್ಕು ನಮ್ಮದೇ, ತಪ್ಪಿದಲ್ಲಿ ಈ ಪತ್ರವನ್ನು ರದ್ದುಪಡಿಸಬಹುದು. ‘ಪತ್ನಿಗೂ’ ಎಂಬ ಮಾತನ್ನು ಬಿಡಲೇಕೂಡದು. ಕಾಯ್ದೆಯ ಪ್ರಕಾರ ರದ್ದುಪಡಿಸಿಕೊಳ್ಳುವ ಆಯ್ಕೆ ಬರೆದುಕೊಟ್ಟವರದು. ಬರೆದುಕೊಟ್ಟ ಗಂಡ ತೀರಿಕೊಂಡ ಮೇಲೆ, ಪತ್ರದಲ್ಲಿ ಹೆಸರೇ ಇಲ್ಲದ ಹೆಂಡತಿಯ ನಿಲುವು ಬಹಳ ದುರ್ಬಲವಾಗುತ್ತದೆ.

ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕುಗಳಿಗೆ ಮಂಡ್ಯದ ಉಪವಿಭಾಗಾಧಿಕಾರಿಗಳೇ ಈ ನ್ಯಾಯಮಂಡಳಿ. ಪೋಷಣೆಯ ಹಣ ಕೇಳಲು ಬರೆದುಕೊಟ್ಟಿರಲೇಬೇಕೆಂದಿಲ್ಲ, ತಂದೆತಾಯಿಗಳಾದರೆ ಸಾಕು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಗಳ ಮೇಲೆ ಅರ್ಜಿ ಹಾಕಬಹುದು. ಕಾಯ್ದೆಯಲ್ಲಿ ಹೇಳಿರುವ ಗರಿಷ್ಠ ಮೊತ್ತ ತಿಂಗಳಿಗೆ ಹತ್ತು ಸಾವಿರ. ಅರ್ಜಿಯನ್ನು ತೊಂಬತ್ತು ದಿನದೊಳಗೆ ಇತ್ಯರ್ಥಪಡಿಸಬೇಕೆಂದಿದೆ, ಕಾರಣವಿದ್ದರೆ ಮೂವತ್ತು ದಿನ ಹೆಚ್ಚು. ಹಿರಿಯರಿಗೆ ಸ್ವತಃ ಹೋಗಲಾಗದಿದ್ದರೆ ಅವರು ಒಪ್ಪಿಸಿದವರು ಅರ್ಜಿ ಕೊಡಬಹುದು. ಮಾಹಿತಿ ಬೇಕಾದವರು 14567 ಎಂಬ ಹಿರಿಯರ ಸಹಾಯವಾಣಿಗೆ ಫೋನು ಮಾಡಬಹುದು.

ಇನ್ನು ಸಹಿಯ ವಿಚಾರ. ಇದು ತೋಟಕ್ಕಿಂತ ಹೆಚ್ಚು ಜನರನ್ನು ಕಾಡುವ ತೊಡಕೆಂಬುದು ನಮ್ಮ ಅಭಿಪ್ರಾಯ. ಯಜಮಾನರ ಒಬ್ಬರ ಹೆಸರಿನಲ್ಲಿ ಎಲ್ಲ ಠೇವಣಿಯೂ ಇದ್ದು, ಅವರಿಗೆ ಪ್ರಜ್ಞೆ ತಪ್ಪಿದರೆ ಅಥವಾ ಮರೆವಿನ ಕಾಯಿಲೆ ಬಲಿತರೆ, ಹೆಂಡತಿಯೆಂಬ ಕಾರಣಕ್ಕೆ ಬ್ಯಾಂಕಿನವರು ಹಣ ಕೊಡುವುದಿಲ್ಲ. ನಾಮನಿರ್ದೇಶನ ಇದೆಯಲ್ಲ ಎನ್ನುತ್ತೀರಿ. ಅದು ಕೆಲಸಕ್ಕೆ ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಜನರಲ್ ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ ಎನ್ನುವವರಿದ್ದಾರೆ. 1872ರ ಕರಾರು ಕಾಯ್ದೆಯ 201ನೆಯ ಕಲಮನ್ನು ನೋಡಿ: ಅಧಿಕಾರ ಕೊಟ್ಟವನ ಬುದ್ಧಿ ಸ್ವಾಧೀನದಲ್ಲಿಲ್ಲವಾದರೆ ಆ ಅಧಿಕಾರವೂ ಮುಗಿಯಿತು. ಯಾವ ದಿನಕ್ಕಾಗಿ ಪತ್ರ ಮಾಡಿಸಿದ್ದೆವೋ ಸರಿಯಾಗಿ ಅದೇ ದಿನ ಅದು ಬರಿಯ ಕಾಗದವಾಗುತ್ತದೆ. ಕೆಲವು ದೇಶಗಳಲ್ಲಿ ಬುದ್ಧಿ ಹೋದ ಮೇಲೂ ನಡೆಯುವ ಅಧಿಕಾರಪತ್ರಕ್ಕೆ ಅವಕಾಶವಿದೆ, ಇಲ್ಲಿ ಇಲ್ಲ. ಆಮೇಲೆ ಉಳಿಯುವ ದಾರಿ ನ್ಯಾಯಾಲಯದಿಂದ ಪಾಲಕರಾಗಿ ನೇಮಿಸಿಕೊಳ್ಳುವುದು. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ನೇರವಾದ ಕಾನೂನು ಇಲ್ಲದ್ದರಿಂದ ಕೇರಳದ ಹೈಕೋರ್ಟು 2019ರಲ್ಲಿ ತಾನೇ ಮಾರ್ಗಸೂಚಿಗಳನ್ನು ಹಾಕಿಕೊಡಬೇಕಾಯಿತು. ಗಂಡನನ್ನು ಹಾಸಿಗೆಯಲ್ಲಿ ಬಿಟ್ಟು ಹೈಕೋರ್ಟಿಗೆ ಅಲೆಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಪರಿಹಾರ ಅಗ್ಗದ್ದು, ಅರ್ಧ ದಿನದ ಕೆಲಸ. ಉಳಿತಾಯ ಖಾತೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾಡಿಸಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು’ ಎಂಬ ನಿಬಂಧನೆ ಹಾಕಿಸಿರಿ. ಬ್ಯಾಂಕಿನಲ್ಲಿ ‘ಐದರ್ ಆರ್ ಸರ್ವೈವರ್’ ಎಂದರೆ ಗೊತ್ತಾಗುತ್ತದೆ. ‘ಫಾರ್ಮರ್ ಆರ್ ಸರ್ವೈವರ್’ ಎಂಬುದು ಬೇರೆ. ಅದರಲ್ಲಿ ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರಿಗೆ ಅಧಿಕಾರವಿಲ್ಲ. ಬೆಳೆಗಾರರೆಂದು ನಮಗೆ ಸಂಬಂಧಪಟ್ಟ ಶಬ್ದವೆಂದು ಮೋಸಹೋಗಬೇಡಿ! ಸಂಘದಲ್ಲಿ ಅಡಿಕೆ, ಕಾಫಿ ಹಾಕಿದ ಹಣ ಯಾವ ಖಾತೆಗೆ ಬೀಳುತ್ತದೋ ಅದನ್ನೇ ಮೊದಲು ಜಂಟಿ ಮಾಡಿಸಿರಿ.

ಅವಧಿ ಠೇವಣಿಯಲ್ಲಿ ಒಂದು ಸೂಕ್ಷ್ಮವಿದೆ. ಇಬ್ಬರ ಹೆಸರಿನಲ್ಲಿ ಇದೇ ನಿಬಂಧನೆಯ ಠೇವಣಿಯಿದ್ದರೂ, ಅವಧಿ ಮುಗಿದಾಗ ಒಬ್ಬರ ಸಹಿ ಸಾಕು, ಅವಧಿಗೆ ಮುಂಚೆ ಮುರಿಸಬೇಕಾದರೆ ಇಬ್ಬರೂ ಬದುಕಿರುವಾಗ ಇಬ್ಬರ ಸಹಿಯೂ ಬೇಕಾಗಬಹುದು. ಹಾಗಾಗಿ ಹನ್ನೆರಡು ಲಕ್ಷವನ್ನು ಐದು ವರ್ಷಕ್ಕೆ ಒಂದೇ ಗಂಟಾಗಿ ಕಟ್ಟುವ ಬದಲು, ಎರಡೆರಡು ಲಕ್ಷದ ಆರು ರಸೀದಿ ಮಾಡಿ, ಆರಾರು ತಿಂಗಳಿಗೊಂದರಂತೆ ಅವಧಿ ಮುಗಿಯುವ ಹಾಗೆ ಇಟ್ಟುಕೊಳ್ಳುವುದು ಮೇಲು. ಕೈ ನಡುಗಿ ಸಹಿ ಹಾಕಲಾಗದ, ಬುದ್ಧಿ ಚೆನ್ನಾಗಿಯೇ ಇರುವ ಖಾತೆದಾರರ ಮನೆಗೆ ಬ್ಯಾಂಕಿನವರು ಬಂದು, ಇಬ್ಬರು ಸಾಕ್ಷಿಗಳ ಎದುರಿಗೆ ಹೆಬ್ಬೆಟ್ಟೋ ಕಾಲಿನ ಹೆಬ್ಬೆರಳ ಗುರುತೋ ಪಡೆದು ಹಣ ಕೊಡಲು ರಿಜರ್ವ್ ಬ್ಯಾಂಕಿನ ಸೂಚನೆಯಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಇದನ್ನು ಕೇಳಿ ಪಡೆಯಿರಿ, ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಸಹಕಾರಿಗಳಾದ ನಮ್ಮ ಬಾಯಿಂದಲೇ ಒಂದು ಮಾತು ಬರಬೇಕು. ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆಯಿದೆ, 2020ರ ಫೆಬ್ರವರಿಯಿಂದ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಆದರೆ ಪ್ರಾಥಮಿಕ ಸಹಕಾರ ಸಂಘಗಳಲ್ಲಿ ಇಟ್ಟ ಠೇವಣಿಗೆ ಆ ವಿಮೆ ಇಲ್ಲ. ಸಂಘದ ಮೇಲಿನ ಅಭಿಮಾನದಿಂದ ಮುಪ್ಪಿನ ಹಣವನ್ನೆಲ್ಲ ಒಂದೇ ಸಂಘದಲ್ಲಿ, ನಮ್ಮದಾಗಲಿ ಬೇರೆಯವರದಾಗಲಿ, ಇಡಬಾರದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಮೂವತ್ತು ಲಕ್ಷದವರೆಗೆ ಇಡಬಹುದು, ಜಂಟಿಯಾಗಿ ಸೇರಿಸಿಕೊಳ್ಳಲು ಗಂಡನಿಗೆ ಹೆಂಡತಿಯನ್ನು, ಹೆಂಡತಿಗೆ ಗಂಡನನ್ನು ಬಿಟ್ಟು ಬೇರೆಯವರಿಗೆ ಅವಕಾಶವಿಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುವುದರಿಂದ ಆಳಿನ ಸಂಬಳಕ್ಕೆ ಹೊಂದುತ್ತದೆ.

ಹೆಂಡತಿಯ ಹೆಸರಿಗೆ ಏನಿದೆ ಎಂದು ನಮ್ಮ ಸದಸ್ಯರನ್ನು ಕೇಳಿದರೆ ಹೆಚ್ಚಿನವರು ಮೈಮೇಲಿನ ಒಡವೆ ತೋರಿಸುತ್ತಾರೆ. ‘ನಾನು ಹೋದ ಮೇಲೆ ಎಲ್ಲಾ ಅವಳದೇ ಅಲ್ಲವೇ’ ಎನ್ನುತ್ತಾರೆ. ಅಲ್ಲ. ಮರಣಶಾಸನವಿಲ್ಲದೆ ತೀರಿಕೊಂಡ ಹಿಂದೂ ಗಂಡನ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ ಬರುವುದು ಮಕ್ಕಳ ಜೊತೆ ಒಂದು ಸಮಪಾಲು, ಗಂಡನ ತಾಯಿ ಇದ್ದರೆ ಅವರಿಗೂ ಒಂದು. ಮೂವರು ಮಕ್ಕಳಿದ್ದರೆ ಎರಡೆಕರೆಯಲ್ಲಿ ಅವಳಿಗೆ ಇಪ್ಪತ್ತು ಗುಂಟೆ. ಪಿತ್ರಾರ್ಜಿತವಾದರೆ ಗಂಡನ ಪಾಲಿಗೆ ಬಂದುದರಲ್ಲಿ ಮಾತ್ರ ಈ ಹಂಚಿಕೆ; 2005ರ ತಿದ್ದುಪಡಿಯ ನಂತರ ಹೆಣ್ಣು ಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ಆದುದರಿಂದ ಸ್ವಂತ ಸಂಪಾದನೆಯ ತೋಟವಿದ್ದವರು ಅದರ ಒಂದು ಭಾಗವನ್ನು, ಬಾವಿಯೋ ಬೋರ್‌ವೆಲ್ಲೋ ಇರುವ ಭಾಗವಾದರೆ ಇನ್ನೂ ಒಳ್ಳೆಯದು, ಹೆಂಡತಿಯ ಹೆಸರಿಗೆ ಈಗಲೇ ಮಾಡಿಸಿ ಪಹಣಿಯಲ್ಲಿ ಹೆಸರು ಬರಿಸುವುದು ಯೋಗ್ಯ. ಉಳಿದುದಕ್ಕೆ ಮರಣಶಾಸನ ಬರೆಯಿರಿ. ಮೊದಲು ಸಂಗಾತಿಗೆ ಜೀವಿತಾವಧಿಯ ಅನುಭೋಗ, ಆಮೇಲೆ ಮಕ್ಕಳಿಗೆ ಎಂದು ಬರೆಯಬಹುದು. ದಾನಪತ್ರಕ್ಕೂ ಮರಣಶಾಸನಕ್ಕೂ ಇರುವ ಅಂತರ ದೊಡ್ಡದು: ದಾನ ಇಂದೇ ಕೈಬಿಡುತ್ತದೆ, ಮರಣಶಾಸನವನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಕಡ್ಡಾಯ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ಬರೆಯಬಹುದು, ಎಲ್ಲರ ಪಾಲನ್ನೂ ಸೇರಿಸಿ ಬರೆದರೆ ಮಕ್ಕಳನ್ನು ಕೋರ್ಟಿಗೆ ಕಳಿಸಿದಂತೆ.

ನೋಡಿಕೊಳ್ಳುವವರು ಯಾರೆಂಬುದನ್ನೂ ಮರೆಯಬಾರದು. ಸಾಮಾನ್ಯವಾಗಿ ಅದು ಸೊಸೆ, ಇಲ್ಲವೇ ಹತ್ತಿರದ ಊರಿಗೆ ಕೊಟ್ಟ ಮಗಳು. ಪತ್ರದಲ್ಲಿ ಮಾತ್ರ ಗಂಡು ಮಕ್ಕಳ ಹೆಸರು. ಮಲಮೂತ್ರ ತೆಗೆದವಳಿಗೆ ಮರಣಶಾಸನದಲ್ಲಿ ಒಂದು ಸಾಲು ಇರಬೇಕೆಂದು ನಮಗೆ ಅನ್ನಿಸುತ್ತದೆ. ಕಾನೂನು ಇದನ್ನು ಕೇಳುವುದಿಲ್ಲ, ತಡೆಯುವುದೂ ಇಲ್ಲ.

ತೋಟ ನೋಡುವವರಿಲ್ಲದಾಗ ಬೇರೆಯವರಿಗೆ ಕೊಡುವಲ್ಲಿಯೂ ಎಚ್ಚರ ಬೇಕು. 1974ರ ಭೂಸುಧಾರಣೆಯ ಬಳಿಕ ಕೃಷಿ ಜಮೀನನ್ನು ಗೇಣಿಗೆ ಕೊಡುವುದು ನಿಷಿದ್ಧ. ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದೇನೆಂದು ಬರೆದರೆ ತೊಡಕು. ಆ ವರ್ಷದ ಫಸಲನ್ನು ಮಾರಿದ್ದೇನೆ, ಇಂಥ ತಿಂಗಳಲ್ಲಿ ಇಷ್ಟಿಷ್ಟು ಹಣ ಇಬ್ಬರ ಜಂಟಿ ಖಾತೆಗೆ ಬರಬೇಕು ಎಂದು ಬರೆಯಿರಿ, ವರ್ಷ ವರ್ಷವೂ ಹೊಸದಾಗಿ ಬರೆಯಿರಿ.

ಇವನ್ನೆಲ್ಲ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ, ಇಬ್ಬರೂ ನಡೆದಾಡುವ ದಿನಗಳಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ತೀರ ಮಲಗಿದವರ ಮನೆಗೇ ಉಪನೋಂದಣಾಧಿಕಾರಿಗಳು ಬಂದು ಪತ್ರ ನೋಂದಾಯಿಸಲು ನೋಂದಣಿ ಕಾಯ್ದೆಯ 31ನೆಯ ಕಲಮಿನಲ್ಲಿ ಅವಕಾಶವಿದೆ, ಹೆಚ್ಚಿನ ಶುಲ್ಕ ಕಟ್ಟಬೇಕು. ಬಂದವರು ಮೊದಲು ನೋಡುವುದು ಮಲಗಿದವರು ತಮ್ಮ ಹೆಸರು ಹೇಳಿ, ಪತ್ರದಲ್ಲಿ ಏನಿದೆಯೆಂದು ತಿಳಿದು ಒಪ್ಪುತ್ತಾರೋ ಇಲ್ಲವೋ ಎಂಬುದನ್ನು. ಮಾತು ನಿಂತ ಮೇಲೆ ಅವರನ್ನು ಕರೆಸಿ ಪ್ರಯೋಜನವಿಲ್ಲ.